ಅಕ್ಕನಿಗೆ ಒಪ್ಪಿದ ಶೂ

ನಾನು ಓಡಲು ಶುರು ಮಾಡಿದ ಮೊದಲನೇ ವಾರದಲ್ಲೇ ಒಂದು ಫ್ಯಾಕ್ಟರಿ ಬಸ್ಸು ನನಗಾಗಿ ನಿಂತಿತು. ಹೆಬ್ಬಗೋಡಿಯಲ್ಲಿ ಬೆಳಿಗ್ಗೆ ಓಡುವ ಹೆಂಗಸರಿಗೇನೂ ಕೊರತೆಯಿಲ್ಲ. ಟಿಫಿನ್ ಬ್ಯಾಗನ್ನು ಎದೆಗವಚಿಕೊಂಡು, ಒದ್ದೆ ಜಡೆಯಿಂದ ಬೆನ್ನೆಲ್ಲ ನೆನೆಸಿಕೊಂಡು, ಶಿಫ್ಟಿನ ಬಸ್ಸು ಹಿಡಿಯಲು ಓಡುವವರೇ ಎಲ್ಲರೂ. ಡ್ರೈವರ್ ನನ್ನನ್ನೂ ಅವರಲ್ಲೊಬ್ಬಳು ಅಂದುಕೊಂಡ. ಬಸ್ಸು ನಿಧಾನ ಮಾಡಿ, "ಬೇಗ ಹತ್ತಿ ಅಕ್ಕ, ಲೇಟಾಯ್ತು" ಎಂದ.

"ಇಲ್ಲ ಅಣ್ಣ, ನಾನು ಸುಮ್ನೆ ಓಡ್ತಿದೀನಿ."

"ಸುಮ್ನೆನಾ?" ಎಂದು ಕೇಳಿ ಅವನು ನನ್ನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದ. ಕಿಟಕಿಯಲ್ಲಿ ಕೂತಿದ್ದ ಹುಡುಗಿಯರು ನಕ್ಕರು. ಬಸ್ಸು ಹೊಸೂರು ರಸ್ತೆಯ ಕಡೆ ಹೋಯಿತು. ನಾನು ಓಡುವುದನ್ನು ಬಿಟ್ಟು ಮನೆಯವರೆಗೂ ನಡೆದುಕೊಂಡೇ ಬಂದೆ.

ನನಗೆ ಯಾವ ಕಾಯಿಲೆಯೂ ಇರಲಿಲ್ಲ. ಯಾವ ಡಾಕ್ಟರೂ ಹೆದರಿಸಿರಲಿಲ್ಲ. ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೆ. ಒಂದು ದಿನ ಅಲ್ಲಿ ಬೆಂಕಿ ಅನಾಹುತದ ಅಣಕು ಅಭ್ಯಾಸ ನಡೆಯಿತು. ಎಲ್ಲರೂ ಮೆಟ್ಟಿಲಿಳಿದು ಹೊರಗೆ ನಿಂತೆವು, ಹರಟೆ ಹೊಡೆದೆವು, ಚೆನ್ನಾಗಿಯೇ ಇತ್ತು. ವಾಪಸ್ ಹೋಗುವಾಗ ಲಿಫ್ಟು ಇನ್ನೂ ಚಾಲೂ ಆಗಿರಲಿಲ್ಲ. ಹತ್ತುತ್ತಾ ಹತ್ತುತ್ತಾ ಅರ್ಧ ದಾರಿಯಲ್ಲಿ ನನ್ನ ಕಾಲು ನಡುಗತೊಡಗಿ, ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ನನಗಿಂತ ತುಂಬಾ ಚಿಕ್ಕವಳಾದ ಸಹೋದ್ಯೋಗಿಯೊಬ್ಬಳು ತನ್ನ ಐಡಿ ಕಾರ್ಡಿನಿಂದ ನನಗೆ ಗಾಳಿ ಹಾಕುತ್ತಾ, "ಮೇಡಂ, ನೀರು ತರ್ಲಾ?" ಎಂದಳು. ಅವಳ ದನಿಯಲ್ಲಿದ್ದ ಅಕ್ಕರೆ ನನ್ನನ್ನು ಕಂಗೆಡಿಸಿತು. ಅದು ಅಜ್ಜಿಯನ್ನು ರಸ್ತೆ ದಾಟಿಸುವವರ ಅಕ್ಕರೆ. ನನಗಿನ್ನೂ ನಲವತ್ತನಾಲ್ಕು.

ಚಿಕ್ಕಂದಿನಲ್ಲಿ ನಾನು ಓಡುತ್ತಿದ್ದವಳು. ಅಪ್ಪ ಕೆಲಸ ಮಾಡುತ್ತಿದ್ದುದು ಪೀಣ್ಯದ ಆಚೆಯ ಒಂದು ಸರ್ಕಾರಿ ಕಾರ್ಖಾನೆಯಲ್ಲಿ. ಅದರ ಕ್ವಾರ್ಟರ್ಸ್‌ಗೆ ಸೇರಿದ ದೊಡ್ಡ ಮೈದಾನವಿತ್ತು. ವರ್ಷಕ್ಕೊಮ್ಮೆ ಕಾರ್ಮಿಕರ ಮಕ್ಕಳಿಗೆ ಓಟದ ಸ್ಪರ್ಧೆ. ಬರಿಗಾಲಲ್ಲಿ, ಲಂಗವನ್ನು ಮಂಡಿಯವರೆಗೆ ಎತ್ತಿ ಹಿಡಿದು ಓಡಿ ಸ್ಟೀಲಿನ ಡಬ್ಬಿ ಗೆದ್ದುಕೊಂಡು ಬಂದಿದ್ದೆ. ಆ ಧೈರ್ಯದ ಮೇಲೆ, ಮೆಟ್ಟಿಲ ಮೇಲೆ ಕೂತುಬಿಟ್ಟ ದಿನದ ಸಂಜೆಯೇ ಮೊಬೈಲಿನಲ್ಲಿ ಶೂ ಹುಡುಕಿದೆ.

ಆರಿಸಿದ್ದು ಬಣ್ಣ ನೋಡಿ. ತಿಳಿ ನೇರಳೆ, ಅದಕ್ಕೆ ಬಿಳಿ ಅಂಚು. ಸೈಜು ನನ್ನ ಆಫೀಸಿನ ಚಪ್ಪಲಿಯದ್ದೇ ಹಾಕಿದೆ. ಮನೆಯಲ್ಲಿ ಹಾಕಿ ನೋಡಿದಾಗ ಹಿತವಾಗಿ ಬಿಗಿಯಾಗಿತ್ತು. ಓಡುವಾಗ ಮಾತ್ರ ಪ್ರತಿ ಹೆಜ್ಜೆಗೂ ಹೆಬ್ಬೆರಳು ಮುಂದೆ ಹೋಗಿ ಗುದ್ದುತ್ತಿತ್ತು. ಮೇಲೆ ಹಳೆಯ ಹತ್ತಿ ಕುರ್ತಾ, ಪಿನ್ ಹಾಕಿದ ದುಪಟ್ಟಾ. ಬೆವರು ಕುಡಿದ ಹತ್ತಿ ಬಟ್ಟೆ ಒದ್ದೆ ಕಂಬಳಿಯ ಹಾಗೆ ಮೈಗೆ ಅಂಟಿಕೊಂಡು ಕಂಕುಳ ಹತ್ತಿರ ಉಜ್ಜಿ ಉಜ್ಜಿ ಕೆಂಪಾಯಿತು. ತಿಂಗಳು ಕಳೆಯುವುದರೊಳಗೆ ಹೆಬ್ಬೆರಳಿನ ಉಗುರು ಕಪ್ಪಾಯಿತು. ಗಂಡ ಅದನ್ನು ನೋಡಿ, "ಇದೆಲ್ಲಾ ಯಾಕೆ ಬೇಕಿತ್ತು ನಿಂಗೆ?" ಎಂದರು. ಬೈದದ್ದಲ್ಲ, ಮರುಕದಿಂದಲೇ ಕೇಳಿದ್ದು. ಶೂ ತೊಳೆದು ಟೆರೇಸಿನ ಗೋಡೆಗೆ ಒರಗಿಸಿಟ್ಟೆ. ಅವು ಒಣಗಿದವು. ನಾನು ತರಲು ಹೋಗಲಿಲ್ಲ.

ನಾನು, ಗಂಡ, ಮಗಳು ಇರುವುದು ಮೊದಲನೇ ಮಹಡಿಯ ಬಾಡಿಗೆ ಮನೆಯಲ್ಲಿ. ಕೆಳಗೆ ಮನೆಯ ಮಾಲೀಕರು. ಅವರು ಈ ಊರಿನ ಮೂಲದವರು. ಈಗ ಫ್ಯಾಕ್ಟರಿ ಗೋಡೆಗಳೂ ಬಾಡಿಗೆ ಮನೆಗಳೂ ಎದ್ದಿರುವ ಜಾಗದಲ್ಲಿ ಒಂದು ಕಾಲಕ್ಕೆ ರಾಗಿ, ಅವರೆ ಬೆಳೆಯುತ್ತಿದ್ದ ಕುಟುಂಬ. ಮಾಲೀಕರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಐವತ್ತು ದಾಟಿದ, ಎತ್ತರದ, ದೊಡ್ಡ ಮೈಕಟ್ಟಿನ ಹೆಂಗಸು. ನೀರಿನ ಮೋಟಾರು ಮತ್ತು ಗೇಟಿನ ಬೀಗ ಬಿಟ್ಟರೆ ನಮ್ಮ ನಡುವೆ ಅಂಥ ಮಾತಿರಲಿಲ್ಲ.

ಒಂದು ಭಾನುವಾರ ಅವರು ಹಪ್ಪಳ ಒಣಹಾಕಲು ಟೆರೇಸಿಗೆ ಬಂದಿದ್ದರು. ನಾನು ಬಟ್ಟೆ ಹರವುತ್ತಿದ್ದೆ. ಶೂ ಕಡೆ ಕೈ ತೋರಿಸಿ, "ಯಾಕವ್ವ, ಓಡಾದು ನಿಲ್ಸ್‌ಬುಟ್ಟೆ?" ಎಂದರು.

"ಕಾಲು ನೋವು ಅಕ್ಕ. ಉಗುರು ಕಪ್ಪಾಗಿಬಿಟ್ಟಿದೆ."

"ಅಯ್ಯೋ. ದಿನಾ ಗೇಟತ್ರ ನಿಂತ್ಕಂಡು ನೋಡ್ತಿದ್ದೆ ನಿನ್ನ. ನೀನು ಓದ್ಮೇಲೆ ಒಳಿಕ್ಕೆ ಬತ್ತಿದ್ದೆ." ಹಪ್ಪಳದ ಅಂಚು ಸರಿಮಾಡುತ್ತಾ, ನನ್ನ ಮುಖ ನೋಡದೆಯೇ ಕೇಳಿದರು: "ನಾನೂ ಬಂದ್ರೆ ಆಯ್ತದಾ?"

ಮರುದಿನ ಬೆಳಿಗ್ಗೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ರಬ್ಬರ್ ಚಪ್ಪಲಿ ಹಾಕಿಕೊಂಡು ಗೇಟಿನ ಹತ್ತಿರ ನಿಂತಿದ್ದರು. ನನಗೆ ಹೋಗದೆ ವಿಧಿಯಿರಲಿಲ್ಲ. ಆವತ್ತು ಬೆರಳಿಗೆ ಹತ್ತಿ ಸುತ್ತಿಕೊಂಡು ಹೋದದ್ದು ನಿಜ ಹೇಳಬೇಕೆಂದರೆ ಓಟಕ್ಕಲ್ಲ, ಅವರು ಕಾಯುತ್ತಿದ್ದಾರೆ ಎನ್ನುವುದಕ್ಕೆ.

ಕೆರೆ ಏರಿಯವರೆಗೆ ನಡೆದೆವು. ಏರಿಯ ಮೇಲೆ ಜಾಗ ಸಮತಟ್ಟಾಗಿತ್ತು, ಜನ ಕಡಿಮೆ. "ಈಗ ಓಡಣಾ?" ಎಂದವರೇ ಅಕ್ಕ ಓಡಿಬಿಟ್ಟರು. ಮೋಟು ಗೋಡೆಯೊಂದರವರೆಗೆ ಹೋಗಿ ಅದನ್ನು ಹಿಡಿದುಕೊಂಡು ನಿಂತು, ಉಸಿರು ಸಿಗದೆ ಕೆಮ್ಮುತ್ತಾ ನಗುತ್ತಿದ್ದರು. ಅವರು ಹಾಗೆ ನಗುವುದನ್ನು ನಾನು ಅದುವರೆಗೂ ನೋಡಿರಲಿಲ್ಲ. ಕೆಲವು ದಿನ ಹೀಗೇ ನಡೆಯಿತು. ಸ್ವಲ್ಪ ಓಟ, ಜಾಸ್ತಿ ನಡಿಗೆ, ಅದಕ್ಕಿಂತ ಜಾಸ್ತಿ ಮಾತು. ಆಮೇಲೊಂದು ದಿನ ಸೀರೆಯ ನೆರಿಗೆ ಕಾಲಿಗೆ ತೊಡರಿ ಏರಿಯ ಇಳಿಜಾರಿನಲ್ಲಿ ಬಿದ್ದರು. ಅಂಗೈ ತರಚಿ ರಕ್ತ ಬಂತು. ನಾನು ಎತ್ತಲು ಹೋದರೆ, "ಮನೇಲಿ ಏನೂ ಅನ್ಬ್ಯಾಡ. ಗೊತ್ತಾದ್ರೆ ಬಿಡಾಕಿಲ್ಲ" ಎಂದರು. ಆ ಶನಿವಾರ ಸಂಜೆ ಇಬ್ಬರೂ ಅಂಗಡಿಗೆ ಹೋದೆವು.

ಅದು ಎಲೆಕ್ಟ್ರಾನಿಕ್ ಸಿಟಿಯ ಹತ್ತಿರದ ಒಂದು ದೊಡ್ಡ ಕ್ರೀಡಾ ಸಾಮಗ್ರಿಯ ಮಳಿಗೆ. ಗೋಡೆ ತುಂಬಾ ಶೂಗಳು. ಕೆಂಪು, ಹಳದಿ, ಕಣ್ಣು ಕುಕ್ಕುವ ಹಸಿರು. ಅಲ್ಲಿದ್ದ ಮಾರಾಟಗಾರ ಅಕ್ಕನನ್ನು ಕೂರಿಸಿ ಪಾದ ಅಳೆದ. ಹೆಂಗಸರ ಶೂ ಒಂದೊಂದಾಗಿ ತಂದ. ಯಾವುದರಲ್ಲೂ ಅವರ ಪಾದ ಹಿಡಿಸಲಿಲ್ಲ. ಉದ್ದ ಸರಿಹೋದರೆ ಅಗಲ ಸಾಲದು. ಅಗಲ ಸರಿಹೋದರೆ ಹಿಮ್ಮಡಿ ಜಾರುತ್ತದೆ. ಗದ್ದೆ ಹೊಲಗಳಲ್ಲಿ ಬರಿಗಾಲಲ್ಲಿ ನಡೆದು ಬೆರಳುಗಳು ಬೀಸಣಿಗೆಯ ಹಾಗೆ ಅಗಲವಾಗಿ ಹರಡಿಕೊಂಡಿದ್ದವು. ಅಕ್ಕ ಕಾಲನ್ನು ಬೆಂಚಿನ ಕೆಳಗೆ ಎಳೆದುಕೊಂಡರು. "ಬಿಡಪ್ಪ, ನನ್ ಕಾಲಿಗೆ ಯಾರೂ ಶೂ ಮಾಡಿಲ್ಲ" ಎಂದರು. ತಮಾಷೆಯಾಗಿ ಹೇಳಲು ಹೋದದ್ದು, ದನಿ ಹಾಗೆ ಬರಲಿಲ್ಲ.

"ಅಮ್ಮ, ಒಂದ್ನಿಮಿಷ" ಎಂದು ಅವನು ಹೋಗಿ ಗಂಡಸರ ಕಡೆಯಿಂದ ಒಂದು ಜೊತೆ ತಂದ. ಕಪ್ಪು ಬಣ್ಣ, ಅಲಂಕಾರವೇನೂ ಇಲ್ಲದ್ದು. ಹಾಕಿಕೊಂಡು ಅಕ್ಕ ಎದ್ದು ನಿಂತರು. ಒಳಗೆ ಬೆರಳಾಡಿಸುವುದು ಮೇಲಿನ ಬಟ್ಟೆಯಲ್ಲೇ ಕಾಣುತ್ತಿತ್ತು. ಅಂಗಡಿಯ ಆ ತುದಿಯವರೆಗೆ ನಡೆದು ಹೋಗಿ, ತಿರುಗಿ ಬರುವಾಗ ಓಡಿಕೊಂಡೇ ಬಂದರು. "ಇದು ನಂದು" ಎಂದರು.

ಅದೇ ಹೊತ್ತಿನಲ್ಲಿ ನನ್ನ ಕಾಲನ್ನೂ ಅಳೆಸಿದೆ. ಓಡುವ ಶೂನಲ್ಲಿ ಬೆರಳಿನ ಮುಂದೆ ಒಂದು ಹೆಬ್ಬೆಟ್ಟಿನಷ್ಟು ಜಾಗ ಉಳಿಯಬೇಕಂತೆ, ಸಂಜೆಗೆ ಕಾಲು ಊದಿಕೊಂಡಿರುವಾಗಲೇ ಅಳತೆ ನೋಡಬೇಕಂತೆ. ನನಗೆ ಒಂದು ಸೈಜು ದೊಡ್ಡದೇ ಬೇಕಾಗಿತ್ತು. ಆ ಅಳತೆಯಲ್ಲಿ ಬೂದು ಬಣ್ಣದ್ದು ಸಿಕ್ಕಿತು, ನೋಡಲು ಏನೇನೂ ಚೆನ್ನಾಗಿರಲಿಲ್ಲ. ಕಾಲಿಗೆ ಹಾಕಿದ ಮೇಲೆ ತೆಗೆಯಲು ಮನಸ್ಸಾಗಲಿಲ್ಲ.

ಇನ್ನೊಂದು ವಸ್ತು ಬಾಕಿಯಿತ್ತು. ಅದನ್ನು ಹೇಗೆ ಕೇಳುವುದೆಂದು ನಾನು ದಾರಿಯುದ್ದಕ್ಕೂ ಯೋಚಿಸಿದ್ದೆ. ಹೆಂಗಸರ ಬಟ್ಟೆಯ ಕಡೆ ನಿಂತಿದ್ದ ಹುಡುಗಿಯ ಹತ್ತಿರ ಹೋಗಿ ಪಿಸುದನಿಯಲ್ಲಿ ಶುರು ಮಾಡುವಷ್ಟರಲ್ಲಿ ಅಕ್ಕ ಹಿಂದಿನಿಂದ ಬಂದು, ಊರಿಗೆಲ್ಲಾ ಕೇಳುವ ಹಾಗೆ, "ಓಡುವಾಗ ಎದೆ ಅಳ್ಳಾಡಿ ನೋಯ್ತದೆ ಕಣವ್ವ. ಅದಕ್ಕೆ ಏನಾದ್ರೂ ಮಡಗಿದೀರಾ?" ಎಂದರು. ಪಕ್ಕದಲ್ಲಿ ಡಂಬೆಲ್ ನೋಡುತ್ತಿದ್ದ ಗಂಡಸು ಡಂಬೆಲ್ಲನ್ನು ಅಲ್ಲೇ ಇಟ್ಟು ಹೋದ. ಹುಡುಗಿ ಮಾತ್ರ ನಗಲಿಲ್ಲ. "ಇದೆ ಆಂಟಿ. ಎಲ್ರಿಗೂ ನೋಯುತ್ತೆ, ಯಾರೂ ಕೇಳಲ್ಲ ಅಷ್ಟೇ" ಎಂದು ನಮ್ಮನ್ನು ಟ್ರಯಲ್ ರೂಮಿಗೆ ಕರೆದುಕೊಂಡು ಹೋದಳು.

ಆ ಬಿಗಿಯಾದ ಒಳ ಉಡುಪನ್ನು ತಲೆಯ ಮೇಲಿಂದ ಹಾಕಿಕೊಳ್ಳಬೇಕು. ಅಕ್ಕ ಒಳಗೆ ಹೋಗಿ ಎಷ್ಟು ಹೊತ್ತಾದರೂ ಬರಲಿಲ್ಲ. ಆಮೇಲೆ ಒಳಗಿಂದ ಸಣ್ಣ ದನಿ: "ಇಲ್ ಬಾರವ್ವ ಒಸಿ. ಸಿಗಾಕ್ಕಂಡಿದೀನಿ." ಬಾಗಿಲು ಸರಿಸಿ ನೋಡಿದರೆ ಎರಡೂ ಕೈ ಮೇಲಕ್ಕೆತ್ತಿ, ಅರ್ಧ ಮುಖ ಬಟ್ಟೆಯೊಳಗೆ ಮುಚ್ಚಿಹೋಗಿ ನಿಂತಿದ್ದಾರೆ. ಎಳೆದೆ. ಕೆಳಗೂ ಬರಲಿಲ್ಲ, ಮೇಲಕ್ಕೂ ಹೋಗಲಿಲ್ಲ. ಬಟ್ಟೆಯೊಳಗಿಂದ ಅವರ ನಗು ಶುರುವಾಯಿತು. ಆಮೇಲೆ ನನ್ನದು. ಆ ಇಕ್ಕಟ್ಟು ಕೋಣೆಯಲ್ಲಿ ಒಬ್ಬರನ್ನೊಬ್ಬರು ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವವರೆಗೂ ನಕ್ಕೆವು. ಕೊನೆಗೆ ಆ ಹುಡುಗಿಯೇ ಮುಂದೆ ಕೊಕ್ಕೆ ಇರುವ, ಇನ್ನೂ ದೊಡ್ಡ ಅಳತೆಯದನ್ನು ತಂದುಕೊಟ್ಟಳು. ಬಾಡಿಗೆದಾರಳು ಮತ್ತು ಮನೆ ಮಾಲೀಕರ ಹೆಂಡತಿ ಎನ್ನುವುದು ಆ ಕೋಣೆಯಲ್ಲೇ ಮುಗಿದುಹೋಯಿತು.

ಸೀರೆ ಬಿಟ್ಟು ಪ್ಯಾಂಟು ಹಾಕುವ ವಿಷಯ ಅಷ್ಟು ಸುಲಭವಾಗಲಿಲ್ಲ. ಅಕ್ಕನ ಗಂಡ ಕೂಗಾಡುವವರಲ್ಲ. "ಊರೋರು ಏನಂದಾರು?" ಎಂದು ಒಂದೇ ಮಾತು ಹೇಳಿ ಟಿವಿ ಕಡೆ ತಿರುಗಿದರಂತೆ. ಅಕ್ಕ ಮೊದಲು ನೈಟಿಯ ಕೆಳಗೆ ಟ್ರ್ಯಾಕ್ ಪ್ಯಾಂಟ್ ಹಾಕಿ ನೋಡಿದರು. ನೈಟಿ ಗಾಳಿ ತುಂಬಿಕೊಂಡು ಕಾಲಿಗೆ ಸುತ್ತಿಕೊಂಡಿತು. ಕೊನೆಗೆ ಮಗನ ದೊಗಲೆ ಟೀ ಶರ್ಟನ್ನು ಮಂಡಿಯ ಹತ್ತಿರದವರೆಗೆ ಇಳಿಬಿಟ್ಟು, ಕೆಳಗೆ ಪ್ಯಾಂಟು ಹಾಕಿ, ಹಣೆಗೆ ಅಗಲ ಕುಂಕುಮ ಇಟ್ಟುಕೊಂಡು ಹೊರಟರು.

ಕೆರೆಗೆ ಹೋಗುವ ದಾರಿ ಹಳೇ ಊರಿನ ಅರಳಿಕಟ್ಟೆಯ ಮುಂದೆಯೇ ಹೋಗುತ್ತದೆ. ಬೆಳಿಗ್ಗೆ ಅಲ್ಲಿ ಪೇಪರ್ ಓದುತ್ತಾ ಕೂರುವ ಗಂಡಸರ ಗುಂಪಿದೆ. ಅಕ್ಕನ ಗಂಡನೂ ಅಲ್ಲೇ ಇರುತ್ತಾರೆ. ಕಟ್ಟೆ ಕಾಣುತ್ತಿದ್ದಂತೆ ಅಕ್ಕ ನನ್ನ ಕೈ ಹಿಡಿದುಕೊಂಡರು. "ವಾಪಸ್ ಹೋಗೋಣ್ವಾ?" ಎಂದೆ. ಅವರು ತಲೆಯಾಡಿಸಿ ಕೈ ಬಿಟ್ಟು ಓಡಿದರು. ಕಟ್ಟೆಯ ಮೇಲಿಂದ ಒಬ್ಬರು, "ಏನಕ್ಕ, ಇಸ್ಕೂಲಿಗೆ ಸೇರ್ಕಂಡ್ಯಾ?" ಎಂದು ಕೂಗಿದರು. ಎರಡು ಮೂರು ಜನ ನಕ್ಕರು.

"ಊಂ ಕಣ್ಲಾ. ನಿಂದೂ ಅಡ್ಮಿಸನ್ ಮಾಡುಸ್ಲಾ?" ಎಂದರು ಅಕ್ಕ, ನಿಲ್ಲದೆಯೇ. ಆಗ ನಗು ದೊಡ್ಡದಾಯಿತು, ಅದರ ದಿಕ್ಕೂ ಬದಲಾಯಿತು. ಅವರ ಗಂಡ ಪೇಪರಿನಿಂದ ಮುಖ ಎತ್ತಲಿಲ್ಲ.

ಮೂರ್ನಾಲ್ಕು ದಿನ ಮನೆಯಲ್ಲಿ ಮಾತಿಲ್ಲವಂತೆ. ಆಮೇಲೊಂದು ಬೆಳಿಗ್ಗೆ ಕೆರೆ ದಾರಿಯಲ್ಲಿ ನಾಯಿಗಳು ನಮ್ಮನ್ನು ಅಟ್ಟಿಸಿಕೊಂಡು ಬಂದವು. ನಾವು ಕಿರುಚುತ್ತಾ ನಿಂತಿದ್ದಾಗ ಹಿಂದಿನಿಂದ ಒಂದು ಹಳೇ ಮೊಪೆಡ್ಡು ಹಾರನ್ ಹೊಡೆಯುತ್ತಾ ಬಂದು ನಾಯಿಗಳ ನಡುವೆಯೇ ನುಗ್ಗಿತು. ಅಕ್ಕನ ಗಂಡ. ನಾಯಿಗಳು ಚದುರಿದ ಮೇಲೆ ಅವರು ನನಗೆ ಮಾತ್ರ ಹೇಳಿದರು: "ಬಿದ್ದು ಮಂಡಿ ಗಿಂಡಿ ಮುರ್ಕಂಡ್ರೆ ಯಾರ್ ನೋಡ್ತಾರೆ ಮೇಡಂ? ಅದಕ್ಕೆ ಇತ್ತಗೆ ಬಂದೆ." ಅವರು ಎಷ್ಟು ದಿನದಿಂದ ಹಾಗೆ ನಮ್ಮ ಹಿಂದೆ ಬರುತ್ತಿದ್ದರೋ ಗೊತ್ತಿಲ್ಲ.

ಹೀಗೆ ಒಂದು ವರ್ಷದ ಮೇಲಾಯಿತು. ಅಷ್ಟರಲ್ಲಿ ನನ್ನ ಕೆಲಸ ಹೋಯಿತು. ಕಂಪನಿಯವರು ನಮ್ಮ ವಿಭಾಗವನ್ನೇ ಬೇರೆ ಊರಿಗೆ ಸಾಗಿಸಿದರು. ಒಂದು ಮಧ್ಯಾಹ್ನ ಸಣ್ಣ ಮೀಟಿಂಗ್ ರೂಮಿಗೆ ಕರೆದು, ತುಂಬಾ ಮರ್ಯಾದೆಯಿಂದ ವಿಷಯ ತಿಳಿಸಿದರು. ಡ್ರಾಯರಿನಲ್ಲಿದ್ದ ಬಾಚಣಿಗೆ, ಉಪ್ಪಿನಕಾಯಿ ಬಾಟಲಿ, ಚಳಿಗೆ ಹೊದೆಯುತ್ತಿದ್ದ ಶಾಲು ಬ್ಯಾಗಿಗೆ ಹಾಕಿಕೊಂಡು ಬಂದೆ. ಗಂಡನ ಸಂಬಳ ಇತ್ತು, ಊಟಕ್ಕೆ ತೊಂದರೆಯಿರಲಿಲ್ಲ. ಬೆಳಿಗ್ಗೆ ಏಳುವುದಕ್ಕೆ ಮಾತ್ರ ಕಾರಣ ಇರಲಿಲ್ಲ. ಅಲಾರಂ ತೆಗೆದುಹಾಕಿದೆ. ಓಡುವುದು ಆಫೀಸಿಗೆ ಹೋಗುವವರ ಚಟ, ಓಡಿ ಬಂದು ಸ್ನಾನ ಮಾಡಿ ಹೊರಡಲು ಒಂದು ಜಾಗ ಇರುವವರಿಗೆ ಸರಿ ಅನ್ನಿಸಿತು.

ಅಕ್ಕ ಮೊದಲ ದಿನ ಫೋನ್ ಮಾಡಿದರು. ಹುಷಾರಿಲ್ಲ ಎಂದೆ. ಎರಡನೇ ದಿನ ಮಗಳ ಕೈಲಿ ಹೇಳಿಸಿದೆ. ಆಮೇಲೆ ಅವರು ಕರೆಯಲಿಲ್ಲ. ಬೆಳಿಗ್ಗೆ ಕೆಳಗೆ ಗೇಟಿನ ಚಿಲಕದ ಸದ್ದು ಕೇಳುತ್ತಿತ್ತು, ಸ್ವಲ್ಪ ಹೊತ್ತು ಬಿಟ್ಟು ಮೊಪೆಡ್ಡಿನ ಸದ್ದು. ನಾನು ರಗ್ಗು ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದೆ.

ಎರಡು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಬಾಗಿಲು ಬಡಿದರು. ತೆರೆದಾಗ ಅಕ್ಕ ಕಪ್ಪು ಶೂ ಹಾಕಿಕೊಂಡು ನಿಂತಿದ್ದರು. ಒಳಗೆ ಬರಲಿಲ್ಲ, ಮೆಟ್ಟಿಲ ಮೇಲೆ ಕೂತರು. ನಾನೂ ಪಕ್ಕದಲ್ಲಿ ಕೂತೆ.

"ಕೆಲ್ಸ ಓಯ್ತಂತೆ."

"ಹೂಂ ಅಕ್ಕ."

"ಕೆಲ್ಸ ಓದ್ರೆ ಕಾಲೂ ಓಯ್ತದಾ?"

ನನಗೆ ಕೋಪ ಬಂತು. "ನಿಮಗೆ ಅರ್ಥ ಆಗಲ್ಲ ಅಕ್ಕ" ಎಂದುಬಿಟ್ಟೆ.

ಅವರು ಬೇಸರ ಮಾಡಿಕೊಳ್ಳಲಿಲ್ಲ. ಶೂ ಲೇಸನ್ನು ಬಿಚ್ಚಿ ಮತ್ತೆ ಕಟ್ಟುತ್ತಾ ನಿಧಾನವಾಗಿ ಹೇಳಿದರು. "ಒಲ ಕೊಟ್‌ಬುಟ್ವಲ್ಲ, ಆವಾಗ ದನಾನೂ ಮಾರುದ್ವು. ಕಟ್ಟಾಕಕ್ಕೆ ಜಾಗಿಲ್ಲ, ಮೇಯ್ಸಕ್ಕೆ ಜಾಗಿಲ್ಲ. ಮಾರ್ನೇ ದಿನ ಎಂದಿನಂಗೆ ಎಚ್ಚರಾಗೋಯ್ತು. ಎದ್ದು ಕೂತೆ. ಎಲ್ಗೋಗಾದು? ಸಗಣಿ ಬಾಚಂಗಿಲ್ಲ, ಆಲು ಕರೆಯಂಗಿಲ್ಲ. ಇವ್ರು ಕಟ್ಟೇಗೋದ್ರು. ಗಂಡಸ್ರಿಗೆ ಕಟ್ಟೆ ಐತೆ, ನಂಗೇನೈತೆ? ಗೇಟತ್ರ ಬಂದ್ ನಿಂತ್ಕಂಡೆ. ಅಂಗೇ ನಿಂತ್ಕಂಡೆ, ವರ್ಸಗಟ್ಲೆ. ಆಮೇಲೆ ನೀನು ಓಡಕ್ಕೆ ಸುರು ಮಾಡ್ದೆ."

ಕೆಳಗೆ ಮೊಪೆಡ್ಡು ಚಾಲೂ ಆಗಿ, ನಿಂತು, ಮತ್ತೆ ಚಾಲೂ ಆಯಿತು.

"ನಾನು ನಿಂಗೆ ಬಾ ಅನ್ನಾಕಿಲ್ಲ. ಕುಂತ್ಕಂಡಿರ್ತೀನಿ, ಅಷ್ಟೇ" ಎಂದರು.

ಅವರು ನಿಜವಾಗಿಯೂ ಕೂತೇ ಇದ್ದರು. ನಾನು ಒಳಗೆ ಹೋಗಿ ಹಾಲು ಕಾಯಿಸಿದೆ, ಕಾಫಿ ಮಾಡಿದೆ. ಮೆಟ್ಟಿಲ ಮೇಲೆಯೇ ಇಬ್ಬರೂ ಕುಡಿದೆವು. ಬಿಸಿಲು ಎದುರಿನ ಮನೆಯ ಗೋಡೆಯ ಮೇಲೆ ಇಳಿಯುತ್ತಿತ್ತು. ಆಮೇಲೆ ನಾನು ಶೂ ಹಾಕಿಕೊಂಡೆ. ಆವತ್ತು ಓಡಲಿಲ್ಲ. ಕೆರೆಯವರೆಗೆ ನಡೆದು ಹೋಗಿ ಬಂದೆವು. ಏರಿಯ ಮೇಲೆ ನನಗೆ ಅಳು ಬಂತು. ಅಕ್ಕ ಕೆರೆಯ ಕಡೆ ನೋಡುತ್ತಾ ನಿಂತಿದ್ದರು. ಮರುದಿನ ಸ್ವಲ್ಪ ಓಡಿದೆವು.

ಓಡುವ ಉಮೇದು ಉಳಿಸಿಕೊಳ್ಳುವುದು ಹೇಗೆಂದು ಈಗ ಯಾರಾದರೂ ಕೇಳಿದರೆ ನನ್ನ ಹತ್ತಿರ ದೊಡ್ಡ ಉಪಾಯವೇನಿಲ್ಲ. ಮೊಬೈಲಿನ ಆ್ಯಪು, ಕೈಗಡಿಯಾರ ಎಲ್ಲಾ ಪ್ರಯತ್ನಿಸಿದ್ದೇನೆ. ಗಡಿಯಾರ ನಮಗೆ ಭೇಷ್ ಅನ್ನುತ್ತದೆ, ಬೇಸರವಾದರೆ ಪಕ್ಕದಲ್ಲಿ ಬಂದು ಕೂರುವುದಿಲ್ಲ. ಬಟ್ಟೆ ಹಿಂಸೆ ಕೊಡಬಾರದು, ಶೂ ಕಚ್ಚಬಾರದು, ಅದು ಮುಖ್ಯ. ಇಲ್ಲದಿದ್ದರೆ ಬಿಡಲು ನೆವ ಹುಡುಕುತ್ತಿರುವ ಮನಸ್ಸಿಗೆ ನೆವ ಸಿಕ್ಕಿಬಿಡುತ್ತದೆ. ಉಳಿದದ್ದು ನನ್ನ ಮಟ್ಟಿಗೆ ಅಕ್ಕನಿಂದ ನಡೆಯಿತು.

ಆ ವರ್ಷದ ಚಳಿಗಾಲದಲ್ಲಿ ಸರ್ಜಾಪುರದ ಕಡೆ ಒಂದು ಅಪಾರ್ಟ್‌ಮೆಂಟಿನವರು ಐದು ಕಿಲೋಮೀಟರಿನ ಓಟ ಏರ್ಪಡಿಸಿದ್ದರು. ನಾನು ಹೆಸರು ಕೊಡೋಣ ಎಂದಾಗ ಅಕ್ಕ, "ರಸ್ತೇಲಿ ಓಡಕ್ಕೆ ಎಸ್ರು ಬೇರೆ ಕೊಡ್ಬೇಕಾ?" ಎಂದು ಆಶ್ಚರ್ಯಪಟ್ಟರು. ಎದೆಗೆ ಚುಚ್ಚಿಕೊಳ್ಳುವ ನಂಬರಿನ ಚೀಟಿ ಸಿಕ್ಕ ಮೇಲೆ ಮಾತ್ರ ಅದನ್ನು ಮತ್ತೆ ಮತ್ತೆ ನೇವರಿಸಿ ನೋಡಿಕೊಂಡರು. ಸುತ್ತಲೂ ತೆಳ್ಳಗಿನ ಯುವಕ ಯುವತಿಯರು, ಕಪ್ಪು ಕನ್ನಡಕ, ಕಾಲಿಗೆ ಬಿಗಿಯಾದ ಉದ್ದ ಸಾಕ್ಸು. ಒಬ್ಬ ಯುವತಿ ಅಕ್ಕನ ಜೊತೆ ಫೋಟೋ ತೆಗೆಸಿಕೊಂಡಳು.

ಅರ್ಧ ದೂರ ಚೆನ್ನಾಗಿಯೇ ಓಡಿದೆವು. ಆಮೇಲೆ ದಾರಿ ಒಂದು ರಾಗಿ ಹೊಲದ ಪಕ್ಕ ಹೋಯಿತು. ಕಟಾವು ನಡೆಯುತ್ತಿತ್ತು. ಅಕ್ಕನ ಹೆಜ್ಜೆ ತಾನಾಗಿಯೇ ನಿಧಾನವಾಯಿತು. ಬದುವಿನ ಹತ್ತಿರ ನಿಂತು, ಕುಡುಗೋಲು ಹಿಡಿದಿದ್ದ ಹೆಂಗಸನ್ನು, "ಯಾವ್ ತಳಿ ರಾಗಿ ಅಕ್ಕ ಇದು? ತೆನೆ ಚೆನ್ನಾಗ್ ಕಚ್ಚೈತೆ" ಎಂದು ಮಾತಾಡಿಸಿದರು. ಆಕೆ ಇವರ ಎದೆಯ ಮೇಲಿನ ನಂಬರನ್ನು ನೋಡಿ, "ಇದ್ಯಾಕೆ ಇಂಗೆ ಓಡ್ತಿದೀರ?" ಎಂದು ಕೇಳಿದಳು. "ಓಡ್ಬೇಕು ಅನ್ಸ್ತು" ಎಂದರು ಅಕ್ಕ. ಆಕೆಗೆ ಅಷ್ಟು ಸಾಕಾಯಿತು. ಇಬ್ಬರೂ ಮಳೆ, ಕೂಲಿ, ಹೊಲದ ಆಚೆ ಏಳುತ್ತಿದ್ದ ಕಟ್ಟಡ ಎಲ್ಲಾ ಮಾತಾಡಿದರು. ಅಕ್ಕ ಹೊಲಕ್ಕಿಳಿದು ಕುಡುಗೋಲು ಇಸಿದುಕೊಂಡು ಎರಡು ಹಿಡಿ ಕೊಯ್ದು ಕೊಟ್ಟರು. ನಮ್ಮನ್ನು ದಾಟಿ ಎಲ್ಲರೂ ಹೋದರು, ನಡೆಯುವವರೂ ಹೋದರು. ನಾನು ಅವಸರ ಮಾಡಲಿಲ್ಲ.

ನಾವು ಮುಟ್ಟುವಷ್ಟರಲ್ಲಿ ಓಟ ಮುಗಿಯುವ ಜಾಗದಲ್ಲಿ ಕಟ್ಟಿದ್ದ ಕಮಾನಿನ ಬಟ್ಟೆಯನ್ನು ಬಿಚ್ಚುತ್ತಿದ್ದರು. ಅಲ್ಲಿದ್ದ ಸ್ವಯಂಸೇವಕಿ ನಮ್ಮನ್ನು ಕಂಡು, "ಇರ್ರೀ ಇರ್ರೀ, ಇನ್ನಿಬ್ರು ಬರ್ತಿದಾರೆ" ಎಂದು ಕೂಗಿ, ಒಂದು ತುದಿಯನ್ನು ತಾನೇ ಹಿಡಿದು ನಿಂತಳು. ಇನ್ನೊಂದು ತುದಿಯನ್ನು ಇನ್ಯಾರೋ ಹಿಡಿದರು. ಅಕ್ಕ ನನ್ನ ಕೈ ಹಿಡಿದುಕೊಂಡು ಅದರ ಕೆಳಗೆ ಓಡಿದರು. ಶೂ ತುಂಬಾ ಹೊಲದ ಮಣ್ಣು.

ಈಗ ನನಗೆ ಬೊಮ್ಮಸಂದ್ರದ ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಸಿಕ್ಕಿದೆ. ಬೇಗ ಹೊರಡಬೇಕು, ವಾರದ ದಿನಗಳಲ್ಲಿ ಬೆಳಿಗ್ಗೆ ಓಡಲಾಗುವುದಿಲ್ಲ. ಅಕ್ಕನಿಗೆ ಹೊಸ ಜೊತೆ ಸಿಕ್ಕಿದ್ದಾಳೆ, ಎರಡನೇ ಮಹಡಿಗೆ ಬಂದಿರುವ ಒಡಿಶಾದ ಹೆಣ್ಣುಮಗಳು. ಗಾರ್ಮೆಂಟ್ಸ್‌ನಲ್ಲಿ ಮಧ್ಯಾಹ್ನದ ಶಿಫ್ಟು. ಅವಳಿಗೆ ಕನ್ನಡ ಬರುವುದಿಲ್ಲ, ಅಕ್ಕನಿಗೆ ಬೇರೆ ಭಾಷೆ ಬರುವುದಿಲ್ಲ. ನಾನು ಆಫೀಸಿಗೆ ಹೊರಡುವ ಹೊತ್ತಿಗೆ ಇಬ್ಬರೂ ಬೆವರಿಳಿಸಿಕೊಂಡು ಗೇಟಿನೊಳಗೆ ಬರುತ್ತಾರೆ, ಏನೋ ಹೇಳಿಕೊಂಡು ನಗುತ್ತಿರುತ್ತಾರೆ. ಏನು ಎಂದು ಕೇಳಿದರೆ ಅಕ್ಕ, "ಭಾನ್ವಾರ ಬಾ, ಏಳ್ತೀನಿ" ಎನ್ನುತ್ತಾರೆ.